ಆನಿ ಡಿಫ್ರಾಂಕೊ: ಕಂಪನಿಗಳಿಗೆ ಸಹಿ ಹಾಕದ ಹಾಡುಗಾರ್ತಿ

ಆನಿ ಡಿಫ್ರಾಂಕೊ (ಜನನ: 23 ಸೆಪ್ಟೆಂಬರ್ 1970) ಅಮೆರಿಕದ ರಾಕ್ ಗಾಯಕಿ, ಗೀತರಚನೆಕಾರ್ತಿ ಮತ್ತು ಗಿಟಾರ್ ವಾದಕಿ, ‘ರೈಚಸ್ ಬೇಬ್ ರೆಕಾರ್ಡ್ಸ್’ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಥಾಪಕಿ. ಹುಟ್ಟೂರು ನ್ಯೂಯಾರ್ಕ್ ರಾಜ್ಯದ ಬಫಲೋ. ಜಾನಪದ ಗಾಯನದಲ್ಲಿ ಬೇರೂರಿ, ಪಂಕ್, ಫಂಕ್, ಜಾಝ್‌ಗಳ ಕಡೆಗೆ ಕವಲೊಡೆದ ಸಂಗೀತ ಅವರದು. 1990ರಲ್ಲಿ ಮೊದಲ ಆಲ್ಬಮ್ ಹೊರತಂದಾಗಿನಿಂದ ಇಪ್ಪತ್ತಕ್ಕೂ ಹೆಚ್ಚು ಸ್ಟುಡಿಯೋ ಆಲ್ಬಮ್‌ಗಳನ್ನು ಮಾಡಿದ್ದಾರೆ; ಅಷ್ಟೂ ಬಂದಿರುವುದು ಅವರದೇ ಲೇಬಲ್‌ನಿಂದ. ದೊಡ್ಡ ರೆಕಾರ್ಡ್ ಕಂಪನಿಗಳು ಕರಾರುಪತ್ರ ಹಿಡಿದು ಹಿಂದೆ ಬಿದ್ದ ಕಾಲದಲ್ಲೂ ಅವರು ಸಹಿ ಹಾಕಲಿಲ್ಲ.

ಈ ಕಾರಣಕ್ಕೆ ಪತ್ರಿಕೆಗಳು ಅವರನ್ನು ಹೆಚ್ಚಾಗಿ ಗೆದ್ದ ಉದ್ಯಮಿಯ ಹಾಗೆ ಚಿತ್ರಿಸಿವೆ. ಸ್ವಂತ ಲೇಬಲ್ ಇದ್ದದ್ದರ ನಿಜವಾದ ಪರಿಣಾಮ ಕಾಣಬೇಕಾದರೆ ಹಾಡುಗಳನ್ನೇ ಕೇಳಬೇಕು. ಬರೆದ ಹಾಡು ಬಿಸಿ ಆರುವ ಮೊದಲೇ ಧ್ವನಿಮುದ್ರಣವಾಗುತ್ತಿತ್ತು. ಯಾವುದು ರೇಡಿಯೋಗೆ ಹೊಂದುತ್ತದೆ, ಯಾವುದು ಕೇಳುಗರನ್ನು ಕೆರಳಿಸುತ್ತದೆ ಎಂದು ತೂಗಿ ನೋಡುವವರು ನಡುವೆ ಯಾರೂ ಇರಲಿಲ್ಲ. ಹಾಗೆ ಸಿಕ್ಕ ಧೈರ್ಯವೂ ವೇಗವೂ ಆ ಆಲ್ಬಮ್‌ಗಳಲ್ಲಿವೆ; ಅದರ ಜೊತೆಗೇ ಬಂದ ಅವಸರವೂ ಏರುಪೇರೂ ಅಲ್ಲೇ ಇವೆ.

ಬಫಲೋ

ಬಫಲೋ ಎರೀ ಸರೋವರದ ದಂಡೆಯ ಊರು. ಎರೀ ಕಾಲುವೆ, ಧಾನ್ಯದ ಗೋದಾಮುಗಳು ಮತ್ತು ಉಕ್ಕಿನ ಕಾರ್ಖಾನೆಗಳಿಂದ ಬೆಳೆದ ಈ ನಗರದ ಜನಸಂಖ್ಯೆ 1950ರಲ್ಲಿ 5.8 ಲಕ್ಷ ಇತ್ತು. 1990ರ ಹೊತ್ತಿಗೆ 3.28 ಲಕ್ಷಕ್ಕೆ ಇಳಿದಿತ್ತು. ಪಕ್ಕದ ಲ್ಯಾಕವಾನಾದಲ್ಲಿದ್ದ ಬೆತ್ಲೆಹೆಮ್ ಸ್ಟೀಲ್ ಕಂಪನಿ 1983ರಲ್ಲಿ ಉಕ್ಕಿನ ತಯಾರಿಕೆ ನಿಲ್ಲಿಸಿದಾಗ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಮುಚ್ಚಿದ ಕಾರ್ಖಾನೆಗಳು, ಖಾಲಿ ಬಿದ್ದ ಬೀದಿಗಳು, ಉಳ್ಳವರು ಹೊರವಲಯಕ್ಕೆ ಗುಳೆ ಹೋದ ನಗರ: ಡಿಫ್ರಾಂಕೊ ಬಾಲ್ಯದಲ್ಲಿ ಕಂಡದ್ದು ಇದನ್ನು. ಮುಂದೆ 2001ರಲ್ಲಿ ‘ಸಬ್‌ಡಿವಿಷನ್’ ಎಂಬ ಹಾಡಿನಲ್ಲಿ ಕರಿಯರಿಗೂ ಬಿಳಿಯರಿಗೂ ನಡುವೆ ಗೋಡೆ ಎದ್ದ ಇಂಥ ನಗರದ ಕಥೆಯನ್ನೇ ಹೇಳಿದರು.

ತಂದೆ ಡಾಂಟೆ, ತಾಯಿ ಎಲಿಜಬೆತ್ ಇಬ್ಬರೂ ಎಂ.ಐ.ಟಿ.ಯಲ್ಲಿ ಓದುವಾಗ ಪರಿಚಯವಾದವರು. ಮಗಳಿಗೆ ಒಂಬತ್ತು ವರ್ಷವಾದಾಗ ಗಿಟಾರ್ ಕೊಡಿಸಿದರು. ಊರಿನ ಜಾನಪದ ಗಾಯಕ ಮೈಕೆಲ್ ಮೆಲ್ಡ್ರಮ್ ಗುರುವಾಗಿ ಸಿಕ್ಕಿದ್ದು ಆಗಲೇ. ಮೆಲ್ಡ್ರಮ್ ಈ ಪುಟ್ಟ ಹುಡುಗಿಯನ್ನು ಶಿಷ್ಯೆಗಿಂತ ಹೆಚ್ಚಾಗಿ ಸ್ನೇಹಿತೆಯಂತೆ ನಡೆಸಿಕೊಂಡರು. ತಾವು ಹಾಡುತ್ತಿದ್ದ ಬಾರುಗಳಿಗೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡು ಬೀಟಲ್ಸ್ ಹಾಡುಗಳನ್ನು ಹಾಡಿಸಿದರು. ನ್ಯೂಯಾರ್ಕಿನಿಂದ ಗೀತರಚನೆಕಾರರನ್ನು ಬಫಲೋಗೆ ಕರೆಸಿ ಕಾರ್ಯಕ್ರಮ ಮಾಡಿಸುವ ಹವ್ಯಾಸವೂ ಅವರಿಗಿತ್ತು. ಸುಝಾನ್ ವೇಗಾ ಅವರಂಥ ಯುವ ಗಾಯಕಿಯರ ಪರಿಚಯ ಹುಡುಗಿಗೆ ಆದದ್ದು ಹೀಗೆ. ಸ್ವಂತ ಹಾಡು ಬರೆದು ಸ್ವಂತವಾಗಿ ಹಾಡುವುದು ಒಂದು ದುಡಿಮೆ, ಅದನ್ನು ಮಾಡಿಕೊಂಡು ಹೆಣ್ಣುಮಕ್ಕಳೂ ಊರೂರು ತಿರುಗಬಹುದು ಎಂಬುದು ಆಕೆಗೆ ಹತ್ತರ ಆಸುಪಾಸಿನಲ್ಲೇ ಕಣ್ಣೆದುರಿನ ಸಂಗತಿಯಾಗಿತ್ತು.

ನಡುವೆ ಕೆಲವು ವರ್ಷ ಗಿಟಾರ್ ಬದಿಗಿಟ್ಟು ನೃತ್ಯ ಕಲಿತರು. ಹದಿನಾಲ್ಕರ ಹೊತ್ತಿಗೆ ಮರಳಿ ಬಂದು ತಮ್ಮದೇ ಹಾಡುಗಳನ್ನು ಬರೆಯತೊಡಗಿದರು. ತಂದೆ ತಾಯಿ ಬೇರೆಯಾಗಿದ್ದರು. ಮಗಳ ಹದಿನೈದನೇ ವಯಸ್ಸಿನಲ್ಲಿ ತಾಯಿ ಕನೆಕ್ಟಿಕಟ್‌ಗೆ ಹೊರಟು ನಿಂತಾಗ ಮಗಳು ಬಫಲೋದಲ್ಲೇ ಉಳಿದು, ಕಾನೂನಿನ ಪ್ರಕಾರ ಪೋಷಕರ ಹಂಗಿಲ್ಲದ ಸ್ವತಂತ್ರ ವ್ಯಕ್ತಿ ಎಂದು ಮಾನ್ಯತೆ ಪಡೆದರು. ಹದಿನಾರಕ್ಕೆ ಕಲಾಶಾಲೆಯ ಓದು ಮುಗಿಸಿ, ಬಾರುಗಳಲ್ಲಿ ಹಾಡುತ್ತ, ಸಿಕ್ಕ ಕೆಲಸ ಮಾಡುತ್ತ ಬದುಕಿದರು. ಹದಿನೆಂಟರ ಸುಮಾರಿಗೆ ನ್ಯೂಯಾರ್ಕ್ ಸೇರಿ ನ್ಯೂ ಸ್ಕೂಲ್‌ನಲ್ಲಿ ಸೇಕೂ ಸುಂಡಿಯಾಟ ಎಂಬ ಕವಿಯ ತರಗತಿಗೆ ಕೂತದ್ದು ಅವರ ಹಾಡಿನ ದಿಕ್ಕನ್ನು ತಿದ್ದಿತು. ಆಫ್ರಿಕನ್ ಅಮೆರಿಕನ್ ಕವಿಯಾದ ಸುಂಡಿಯಾಟ ಕವಿತೆಯನ್ನು ವೇದಿಕೆಯ ಮೇಲೆ ಸಂಗೀತದೊಂದಿಗೆ ನುಡಿಯುತ್ತಿದ್ದವರು. ಡಿಫ್ರಾಂಕೊ ಹಾಡುಗಳಲ್ಲಿ ರಾಗ ಬಿಟ್ಟು ಮಾತಿಗೆ ಇಳಿಯುವ, ಮಾತಿನಿಂದ ಮತ್ತೆ ರಾಗಕ್ಕೆ ಜಾರುವ ಬಗೆಗೆ ಆ ತರಗತಿಯ ಋಣವಿದೆ. ಹತ್ತು ವರ್ಷದ ಮೇಲೆ, 2000ದಲ್ಲಿ, ಗುರುವಿನ ಆಲ್ಬಮ್ ಒಂದನ್ನು ಶಿಷ್ಯೆಯ ಲೇಬಲ್ಲೇ ಹೊರತಂದಿತು.

ಕ್ಯಾಸೆಟ್

ಕಾರ್ಯಕ್ರಮ ಮುಗಿದ ಮೇಲೆ ‘ನಿಮ್ಮ ಕ್ಯಾಸೆಟ್ ಇದೆಯಾ’ ಎಂದು ಕೇಳುವವರಿಗೆ ಕೊಡಲು ಏನಾದರೂ ಬೇಕಿತ್ತು. ಸ್ನೇಹಿತರಿಂದ ಸುಮಾರು 1,500 ಡಾಲರ್ ಸಾಲ ಎತ್ತಿ, ಗಿಟಾರ್ ಮತ್ತು ಕಂಠ ಎರಡನ್ನೇ ಇಟ್ಟುಕೊಂಡು ಹಾಡುಗಳನ್ನು ಮುದ್ರಿಸಿ, 500ರಷ್ಟು ಕ್ಯಾಸೆಟ್ ಮಾಡಿಸಿದರು. 1990ರ ‘ಆನಿ ಡಿಫ್ರಾಂಕೊ’ ಎಂಬ ಮೊದಲ ಆಲ್ಬಮ್ ಇದು. ಹೊದಿಕೆಯ ಮೇಲೆ ತಲೆ ಬೋಳಿಸಿಕೊಂಡ ಇಪ್ಪತ್ತರ ಹುಡುಗಿಯ ಕಪ್ಪು ಬಿಳುಪು ಮುಖ. ಪ್ರಕಾಶಕರ ಜಾಗದಲ್ಲಿ ಒಂದು ಹೆಸರು ಬೇಕಲ್ಲ ಎಂದು ಮೊದಲಿಗೆ ‘ರೈಚಸ್ ರೆಕಾರ್ಡ್ಸ್’ ಎಂದಿಟ್ಟರು; ಅದೇ ಮುಂದೆ ‘ರೈಚಸ್ ಬೇಬ್’ ಆಯಿತು.

ಹೀಗೆ ಮಾಡಿದವರಲ್ಲಿ ಅವರೇ ಮೊದಲಿಗರಲ್ಲ. 1970ರ ದಶಕದ ಮೊದಲಲ್ಲೇ ಹಾಲಿ ನಿಯರ್ ‘ರೆಡ್‌ವುಡ್ ರೆಕಾರ್ಡ್ಸ್’ ಕಟ್ಟಿದ್ದರು. 1973ರಲ್ಲಿ ಮಹಿಳೆಯರೇ ಕೂಡಿ ‘ಒಲಿವಿಯಾ ರೆಕಾರ್ಡ್ಸ್’ ಆರಂಭಿಸಿದ್ದರು. 1980ರಲ್ಲಿ ವಾಷಿಂಗ್ಟನ್ನಿನ ಪಂಕ್ ಹುಡುಗರು ‘ಡಿಸ್ಕಾರ್ಡ್’ ಶುರುಮಾಡಿದ್ದರು. ಡಿಫ್ರಾಂಕೊ ಈ ಎರಡೂ ಪರಂಪರೆಗಳ ಕೂಸು. ಮಹಿಳಾ ಸಂಗೀತದ ಉತ್ಸವಗಳು, ಸ್ತ್ರೀವಾದಿ ಪುಸ್ತಕದಂಗಡಿಗಳು, ಕಾಲೇಜುಗಳ ಸಭಾಂಗಣಗಳು, ಜಾನಪದ ಮೇಳಗಳು: ಈ ಜಾಲದೊಳಗೆ ಅವರು ತಾವೇ ಕಾರು ಓಡಿಸಿಕೊಂಡು ತಿರುಗಿದರು. ಇಂದು ಒಂದೂರು, ನಾಳೆ ಇನ್ನೊಂದು. ಹಾಡಿ ಮುಗಿಸಿ ಅಲ್ಲೇ ಮೇಜು ಹಾಕಿ ಕ್ಯಾಸೆಟ್ ಮಾರುವುದು. ಕೊಂಡವರು ಮನೆಗೆ ಹೋಗಿ ಗೆಳತಿಯರಿಗೆ ನಕಲು ಮಾಡಿಕೊಟ್ಟರು. ಮುಂದಿನ ಸಲ ಆ ಊರಿಗೆ ಹೋದಾಗ ಸಭಾಂಗಣ ತುಂಬಿರುತ್ತಿತ್ತು. ಬೇಡಿಕೆ ಕಂಡ ಅಂಗಡಿಗಳು ವಿತರಕರನ್ನು ಕೇಳಿದವು. ಗೋಲ್ಡನ್‌ರಾಡ್, ಲೇಡಿಸ್ಲಿಪರ್ ಎಂಬ ಮಹಿಳಾ ಸಂಗೀತದ ವಿತರಕರು ಮೊದಲು ಕೈಹಿಡಿದರು. ದೊಡ್ಡ ವಿತರಕರು ಬಂದದ್ದು ಆಮೇಲೆ.

ಬಫಲೋದಲ್ಲಿ ಲೇಬಲ್‌ನ ವ್ಯವಹಾರ ನೋಡಿಕೊಳ್ಳಲು ಸ್ಕಾಟ್ ಫಿಶರ್ ನಿಂತರು. ಕ್ಯಾಸೆಟ್ ತರಿಸಿಕೊಳ್ಳಲು ಒಂದು ಉಚಿತ ಕರೆ ದೂರವಾಣಿ ಇತ್ತು: 1-800 ಆದ ಮೇಲಿನ ಅಂಕಿಗಳನ್ನು ಫೋನಿನ ಅಕ್ಷರಗಳಲ್ಲಿ ಓದಿದರೆ ‘ಆನ್ ಹರ್ ಓನ್’ ಎಂದಾಗುತ್ತಿತ್ತು. ಕಚೇರಿಯ ಮುದ್ರಣ ಕೆಲಸ, ಟೀ ಶರ್ಟು, ರಟ್ಟಿನ ಡಬ್ಬಿ ಎಲ್ಲವನ್ನೂ ಸಾಧ್ಯವಾದಷ್ಟು ಊರಿನವರಿಂದಲೇ ಮಾಡಿಸಿದರು. ನ್ಯೂಯಾರ್ಕಿಗೋ ಲಾಸ್ ಏಂಜಲಿಸಿಗೋ ಹೋಗಿ ನೆಲೆಸುವುದು ಉದ್ಯಮದ ವಾಡಿಕೆಯಾಗಿದ್ದಾಗ ಕೆಲಸವಿಲ್ಲದ ಊರಿನಲ್ಲಿ ಹತ್ತಾರು ಜನಕ್ಕೆ ಕೆಲಸ ಕೊಟ್ಟ ಈ ತೀರ್ಮಾನವನ್ನು ಅವರ ಸಾಧನೆಗಳ ಮೊದಲ ಸಾಲಿನಲ್ಲೇ ಇಡಬೇಕು.

ಲೆಕ್ಕ

ದೊಡ್ಡ ಕಂಪನಿಯ ಕರಾರು ಹೇಗಿರುತ್ತಿತ್ತು ಎಂದು ತಿಳಿಯದೆ ಅವರ ನಿರಾಕರಣೆಯ ತೂಕ ತಿಳಿಯುವುದಿಲ್ಲ. ಕಂಪನಿ ಮುಂಗಡ ಹಣ ಕೊಡುತ್ತದೆ. ಧ್ವನಿಮುದ್ರಣದ ಖರ್ಚು ಮತ್ತು ಎಷ್ಟೋ ವೇಳೆ ವಿಡಿಯೋ, ಪ್ರವಾಸಗಳ ಖರ್ಚು ಕೂಡ ಕಲಾವಿದರ ಖಾತೆಗೆ ಬೀಳುತ್ತದೆ. ಮಾರಾಟದಲ್ಲಿ ಅವರ ಗೌರವಧನ ಸಾಮಾನ್ಯವಾಗಿ ಶೇ. 10ರಿಂದ 15ರ ಆಸುಪಾಸು. ಅದರಿಂದಲೇ ಮುಂಗಡ ತೀರಬೇಕು. ಲಕ್ಷಗಟ್ಟಲೆ ಪ್ರತಿ ಮಾರಿಯೂ ಕಂಪನಿಗೆ ಬಾಕಿದಾರರಾಗಿ ಉಳಿದ ಗಾಯಕರು ಬೇಕಾದಷ್ಟಿದ್ದಾರೆ. ಕೊನೆಗೂ ಮೂಲ ಮುದ್ರಿಕೆ, ಅಂದರೆ ಮಾಸ್ಟರ್ ಟೇಪು, ಕಂಪನಿಯ ಸ್ವತ್ತು. ಯಾವ ಆಲ್ಬಮ್ ಯಾವಾಗ ಬರಬೇಕು, ಬರಬೇಕೋ ಬೇಡವೋ ಎಂಬುದನ್ನೂ ಕಂಪನಿಯೇ ನಿರ್ಧರಿಸುತ್ತದೆ.

ಡಿಫ್ರಾಂಕೊ ಮಾರುತ್ತಿದ್ದದ್ದು ದೊಡ್ಡ ಕಂಪನಿಗಳ ತಾರೆಯರಿಗಿಂತ ಎಷ್ಟೋ ಕಡಿಮೆ ಪ್ರತಿ, ಆದರೆ ಪ್ರತಿಯೊಂದರಿಂದಲೂ ಉಳಿಯುತ್ತಿದ್ದದ್ದು ಎಷ್ಟೋ ಹೆಚ್ಚು. ಇದು ಹಣಕಾಸು ಪತ್ರಿಕೆಗಳ ಕಣ್ಣಿಗೆ ಬಿತ್ತು. ಒಂದು ಆಲ್ಬಮ್‌ಗೆ ಅವರಿಗೆ ನಾಲ್ಕು ಡಾಲರಿಗೂ ಮೇಲೆ ಸಿಗುತ್ತದೆ, ದೊಡ್ಡ ತಾರೆಯರಿಗೆ ಅದರ ಅರ್ಧವೂ ಇಲ್ಲ ಎಂಬ ಲೆಕ್ಕ ಎಲ್ಲೆಡೆ ಓಡಾಡಿತು. 1997ರಲ್ಲಿ ‘ಮಿಸ್’ ಎಂಬ ಸ್ತ್ರೀವಾದಿ ಪತ್ರಿಕೆಯೂ ತನ್ನ ಇಪ್ಪತ್ತೈದನೇ ವರ್ಷದ ಸಂಚಿಕೆಯಲ್ಲಿ ಅವರನ್ನು ಹೊಗಳುತ್ತ ಅದೇ ಅಂಕಿಯನ್ನು ಮುಂದೆ ಮಾಡಿದಾಗ ಅವರಿಗೆ ನೋವಾಯಿತು. ಪತ್ರಿಕೆಗೆ ಬಹಿರಂಗ ಪತ್ರ ಬರೆದು, ತನ್ನ ಹಾಡು, ರಾಜಕೀಯ, ವರ್ಷಗಟ್ಟಲೆಯ ತಿರುಗಾಟ ಎಲ್ಲವನ್ನೂ ಒಂದು ಲಾಭದ ಅಂಕಿಗೆ ಇಳಿಸಿದ್ದೀರಿ ಎಂದು ಆಕ್ಷೇಪಿಸಿದರು. ಸತ್ತ ಮೇಲೆ ತನ್ನನ್ನು ಕಂಪನಿ ಮುಖ್ಯಸ್ಥೆಯೆಂದು ನೆನೆಯುವುದು ಬೇಡ, ಹಾಡು ಬರೆದವಳೆಂದು ನೆನೆದರೆ ಸಾಕು ಎಂಬುದು ಆ ಪತ್ರದ ಸಾರ. ಸ್ವತಂತ್ರ ಕಲಾವಿದರ ಬಗ್ಗೆ ಬರೆಯುವ ಎಲ್ಲರೂ ಓದಿರಬೇಕಾದ ಪತ್ರ ಅದು.

ಕೈ

ಡಿಫ್ರಾಂಕೊ ನುಡಿಸುವುದನ್ನು ನೋಡಿದವರು ಮೊದಲು ಗಮನಿಸುವುದು ಬಲಗೈಯನ್ನು. ಬೆರಳುಗಳಿಗೆ ಪ್ಲಾಸ್ಟಿಕ್ ಉಗುರುಗಳನ್ನು ಅಂಟಿಸಿ, ಅವು ಕಿತ್ತುಬರದಂತೆ ಎಲೆಕ್ಟ್ರಿಷಿಯನ್ನರು ತಂತಿಗೆ ಸುತ್ತುವ ಕಪ್ಪು ಇನ್ಸುಲೇಶನ್ ಟೇಪನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತಾರೆ. ಗದ್ದಲದ ಬಾರಿನಲ್ಲಿ ಒಂಟಿ ಅಕೂಸ್ಟಿಕ್ ಗಿಟಾರ್ ಹಿಡಿದು ನಿಂತ ಹುಡುಗಿಗೆ ಜನರ ಕಿವಿ ತನ್ನ ಕಡೆ ತಿರುಗಬೇಕಾದರೆ ಗಟ್ಟಿಯಾಗಿ ಮೀಟಲೇಬೇಕಿತ್ತು. ಹೀಗಾಗಿ ಅವರ ಕೈಯಲ್ಲಿ ಗಿಟಾರು ತಂತಿವಾದ್ಯವೂ ಹೌದು, ತಾಳವಾದ್ಯವೂ ಹೌದು. ಹೆಬ್ಬೆರಳು ಮಂದ್ರದ ತಂತಿಯನ್ನು ಬಡಿದು ಬಾಸ್ ಗಿಟಾರಿನ ಕೆಲಸ ಮಾಡುತ್ತದೆ. ಉಳಿದ ಬೆರಳುಗಳು ತಂತಿಯನ್ನು ಎಳೆದು ಬಿಡುತ್ತವೆ. ಅಂಗೈ ನಡುನಡುವೆ ನಾದವನ್ನು ತಟ್ಟನೆ ಅಡಗಿಸಿ ಲಯ ಕಟ್ಟುತ್ತದೆ. ತಂತಿಗಳ ಶ್ರುತಿಯನ್ನು ಹಾಡಿಗೊಂದರಂತೆ ಬದಲಿಸುವುದು ಅವರ ಪದ್ಧತಿ. ಕಾರ್ಯಕ್ರಮಗಳಲ್ಲಿ ಪ್ರತಿ ಹಾಡಿಗೂ ಬೇರೆ ಬೇರೆ ಗಿಟಾರು ಕೈಗೆ ಬರುವುದು ಇದಕ್ಕಾಗಿ.

ಮೊದಲ ಆಲ್ಬಮ್‌ನ ಮೊದಲ ಹಾಡು ‘ಬೋತ್ ಹ್ಯಾಂಡ್ಸ್’ ಕೇಳಿದರೆ ಈ ಶೈಲಿಯ ಬೀಜ ಅಲ್ಲೇ ಇದೆ. ಮುರಿದುಬೀಳುತ್ತಿರುವ ಒಂದು ಸಂಬಂಧದ ಹಾಡು. ಗಿಟಾರು ಅಲ್ಲಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅದೇ ಹಾಡು 1997ರ ‘ಲಿವಿಂಗ್ ಇನ್ ಕ್ಲಿಪ್’ ಎಂಬ ಆಲ್ಬಮ್‌ನಲ್ಲಿ ಬಫಲೋ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಂದಿಗೆ ಮತ್ತೆ ಬಂತು. ಊರಿನ ಬಾರಿನಲ್ಲಿ ಹಾಡಿಕೊಂಡಿದ್ದವಳ ಹಿಂದೆ ಊರಿನ ಇಡೀ ವಾದ್ಯವೃಂದ ಕೂತಿದೆ. ಆದರೂ ಹಾಡನ್ನು ಮುಂದೆ ನಡೆಸುವುದು ಅದೇ ಬಲಗೈ. ಎರಡನ್ನೂ ಒಂದಾದ ಮೇಲೊಂದು ಕೇಳುವುದು ಅವರ ಮೊದಲ ಏಳು ವರ್ಷದ ಬೆಳವಣಿಗೆಯನ್ನು ತಿಳಿಯಲು ನೇರವಾದ ದಾರಿ.

ಇಷ್ಟು ಬಿರುಸಿಗೆ ಕೈ ತೆತ್ತ ಬೆಲೆಯೂ ದೊಡ್ಡದು. 2005ರಲ್ಲಿ ಮಣಿಕಟ್ಟಿನ ಸ್ನಾಯುರಜ್ಜುಗಳ ಉರಿಯೂತದಿಂದ ಪ್ರವಾಸ ನಿಲ್ಲಿಸಬೇಕಾಯಿತು. ಹದಿನೈದು ವರ್ಷ ಬಿಡುವಿಲ್ಲದೆ ತಿರುಗಿದವರಿಗೆ ಅದು ಮೊದಲ ದೊಡ್ಡ ವಿರಾಮ. ಆಮೇಲಿನ ಆಲ್ಬಮ್‌ಗಳಲ್ಲಿ ಗಿಟಾರು ಮೆತ್ತಗಾಗಿರುವುದು, ತಂಡದ ಇತರ ವಾದ್ಯಗಳಿಗೆ ಹೆಚ್ಚು ಜಾಗ ಸಿಕ್ಕಿರುವುದು ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ತೊಂಬತ್ತರ ದಶಕ

‘ನಾಟ್ ಸೋ ಸಾಫ್ಟ್’ (1991), ‘ಇಂಪರ್ಫೆಕ್ಟ್ಲಿ’ (1992), ‘ಪಡಲ್ ಡೈವ್’ (1993), ‘ಔಟ್ ಆಫ್ ರೇಂಜ್’ (1994): ವರ್ಷಕ್ಕೊಂದರಂತೆ ಆಲ್ಬಮ್ ಬಂತು. ದೊಡ್ಡ ಕಂಪನಿಗಳಲ್ಲಿ ಎರಡು ಮೂರು ವರ್ಷಕ್ಕೊಂದು ಬಂದರೆ ಹೆಚ್ಚು. ಡ್ರಮ್ಸ್ ವಾದಕ ಆಂಡಿ ಸ್ಟೊಚಾನ್ಸ್ಕಿ ಜೊತೆಯಾದ ಮೇಲೆ ಎರಡೇ ಜನರ ತಂಡ ರಾಕ್ ತಂಡದ ಬಲದಿಂದ ನುಡಿಸತೊಡಗಿತು. ‘ನಾಟ್ ಎ ಪ್ರೆಟಿ ಗರ್ಲ್’ (1995) ಆಲ್ಬಮ್‌ನಲ್ಲಿ ಡ್ರಮ್ಸ್ ಬಿಟ್ಟರೆ ಮಿಕ್ಕದ್ದನ್ನು ಬಹುಪಾಲು ಅವರೇ ನುಡಿಸಿದ್ದಾರೆ. ತನ್ನನ್ನು ಕೊಳ್ಳಲು ಬಂದ ಉದ್ಯಮದವರಿಗೆ ಮುಖಕ್ಕೆ ಹೊಡೆದಂತೆ ಉತ್ತರಿಸುವ ‘ದ ಮಿಲಿಯನ್ ಯು ನೆವರ್ ಮೇಡ್’ ಇರುವುದು ಇದರಲ್ಲೇ. ಇದರಲ್ಲಿನ ‘ಥರ್ಟಿಟೂ ಫ್ಲೇವರ್ಸ್’ ಹಾಡನ್ನು 1997ರಲ್ಲಿ ಅಲಾನಾ ಡೇವಿಸ್ ಹಾಡಿ ರೇಡಿಯೋದಲ್ಲಿ ಜನಪ್ರಿಯಗೊಳಿಸಿದರು.

1996ರ ‘ಡೈಲೇಟ್’ ತಿರುವಿನ ಆಲ್ಬಮ್. ಎಟುಕದ ಒಬ್ಬರ ಮೇಲಿನ ಪ್ರೀತಿ, ಸಿಟ್ಟು, ಅವಮಾನ ಇವುಗಳಿಂದ ಒಂದೇ ಉಸಿರಿನಲ್ಲಿ ಬರೆದಂತಿದೆ. ಎಲೆಕ್ಟ್ರಿಕ್ ಗಿಟಾರಿನ ಒರಟು ನಾದ, ಧ್ವನಿಮುದ್ರಣದಲ್ಲಿ ಉದ್ದೇಶಪೂರ್ವಕವಾಗಿ ಉಳಿಸಿಕೊಂಡ ಕಚ್ಚಾತನ, ತುಟಿ ಕಚ್ಚಿ ಹಾಡುವ ಕಂಠ. ಈ ಆಲ್ಬಮ್ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 87ನೇ ಸ್ಥಾನ ಮುಟ್ಟಿತು. ಸ್ವಂತ ಲೇಬಲ್‌ನ ಗಾಯಕಿಗೆ ಅದು ದೊಡ್ಡ ಮಾತು. ಅವರ ಅತ್ಯುತ್ತಮ ಸ್ಟುಡಿಯೋ ಕೃತಿ ಯಾವುದೆಂದು ಕೇಳಿದರೆ ಈ ಲೇಖಕನ ಆಯ್ಕೆ ಇದೇ. ಮರುವರ್ಷದ ‘ಲಿವಿಂಗ್ ಇನ್ ಕ್ಲಿಪ್’ ಎರಡು ಡಿಸ್ಕಿನ ನೇರ ಮುದ್ರಣ. ಸ್ಟೊಚಾನ್ಸ್ಕಿ ಡ್ರಮ್ಸ್, ‘ಗ್ಯಾಂಗ್ ಆಫ್ ಫೋರ್’ ತಂಡದಲ್ಲಿದ್ದ ಸಾರಾ ಲೀ ಬಾಸ್ ಗಿಟಾರ್, ನಡುನಡುವೆ ಹರಟೆ, ನಗು, ತಪ್ಪಿದ ಶುರುವಾತು. ಅದು ಅಮೆರಿಕದಲ್ಲಿ ಗೋಲ್ಡ್ ಮನ್ನಣೆ ಪಡೆಯಿತು. ಅದರ ‘ಶೈ’ ಹಾಡು ಗ್ರ್ಯಾಮಿಯ ಮಹಿಳಾ ರಾಕ್ ಗಾಯನ ವಿಭಾಗಕ್ಕೆ ನಾಮನಿರ್ದೇಶನವಾಯಿತು. 1998ರ ‘ಲಿಟಲ್ ಪ್ಲಾಸ್ಟಿಕ್ ಕ್ಯಾಸಲ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 22ನೇ ಸ್ಥಾನಕ್ಕೇರಿತು. ಮ್ಯಾನ್‌ಹಟನ್ನಿನಲ್ಲಿ ಕಟ್ಟಡಕ್ಕೆ ಅಡಿಪಾಯ ಅಗೆಯುವಾಗ ಆಫ್ರಿಕನ್ ಗುಲಾಮರ ಸಮಾಧಿಗಳು ಸಿಕ್ಕ ಘಟನೆಯಿಂದ ಶುರುವಾಗುವ ‘ಫ್ಯುಯೆಲ್’ ಇದರಲ್ಲಿದೆ. ಜಾನ್ ಹ್ಯಾಸಲ್ ಅವರ ಟ್ರಂಪೆಟ್ ತೇಲಿಬರುವ, ಹದಿನಾಲ್ಕು ನಿಮಿಷದ ‘ಪಲ್ಸ್’ ಕೂಡ ಇದರಲ್ಲಿದೆ. ಅಷ್ಟು ಉದ್ದದ ಹಾಡನ್ನು ಹಾಗೇ ಬಿಡಲು ಒಪ್ಪುವ ಕಂಪನಿ ಆ ಕಾಲದಲ್ಲಿ ಸಿಗುವುದು ಕಷ್ಟವಿತ್ತು.

ಕೇಳುಗರು ಬೆಳೆದಂತೆ ಅವರ ನಿರೀಕ್ಷೆಯೂ ಬೆಳೆಯಿತು. ಹೆಣ್ಣು ಗಂಡು ಇಬ್ಬರ ಮೇಲೂ ತನಗೆ ಪ್ರೀತಿ ಹುಟ್ಟುತ್ತದೆ ಎಂದು ಡಿಫ್ರಾಂಕೊ 1992ರಲ್ಲೇ ‘ಇನ್ ಆರ್ ಔಟ್’ ಹಾಡಿನಲ್ಲಿ ಹೇಳಿದ್ದರು. ಆದರೂ ಅವರನ್ನು ತಮ್ಮವಳೆಂದೇ ಅಪ್ಪಿಕೊಂಡಿದ್ದ ಸಲಿಂಗಪ್ರೇಮಿ ಮಹಿಳೆಯರಲ್ಲಿ ಕೆಲವರಿಗೆ 1998ರಲ್ಲಿ ಅವರು ತಮ್ಮ ಧ್ವನಿ ತಂತ್ರಜ್ಞ ಆಂಡ್ರೂ ಗಿಲ್‌ಕ್ರಿಸ್ಟ್ ಅವರನ್ನು ಮದುವೆಯಾದದ್ದು ದ್ರೋಹದಂತೆ ಕಂಡಿತು. (ಆ ಮದುವೆ 2003ರಲ್ಲಿ ಕೊನೆಗೊಂಡಿತು.) ಕಂಪನಿಯ ಹಂಗು ಬೇಡವೆಂದವರಿಗೆ ಕೇಳುಗರ ಹಂಗು ಎದುರಾದ ಸಂದರ್ಭ ಅದು. ತನ್ನ ಬದುಕನ್ನು ಯಾರ ಇಷ್ಟಕ್ಕೂ ತಿದ್ದಿ ತೋರಿಸುವುದಿಲ್ಲ ಎಂದು ಅವರು ಹಾಡಿನಲ್ಲೂ ಸಂದರ್ಶನಗಳಲ್ಲೂ ಪಟ್ಟು ಹಿಡಿದರು.

1999ರಲ್ಲಿ ಮೂರು ಆಲ್ಬಮ್ ಬಂದವು. ಜನವರಿಯಲ್ಲಿ ‘ಅಪ್ ಅಪ್ ಅಪ್ ಅಪ್ ಅಪ್ ಅಪ್’, ನಡುವೆ ಹಾಡುಗಾರ ಯೂಟಾ ಫಿಲಿಪ್ಸ್ ಜೊತೆಗಿನ ‘ಫೆಲೋ ವರ್ಕರ್ಸ್’, ನವೆಂಬರಿನಲ್ಲಿ ‘ಟು ದ ಟೀತ್’. ಕೊನೆಯದರಲ್ಲಿ ಗಾಯಕ ಪ್ರಿನ್ಸ್ ಒಂದು ಹಾಡಿಗೆ ದನಿಗೂಡಿಸಿದ್ದಾರೆ, ಮೇಸಿಯೋ ಪಾರ್ಕರ್ ಸ್ಯಾಕ್ಸೊಫೋನ್ ನುಡಿಸಿದ್ದಾರೆ. ವಾರ್ನರ್ ಕಂಪನಿಯೊಂದಿಗಿನ ಜಗಳದಲ್ಲಿ ಕೆನ್ನೆಯ ಮೇಲೆ ‘ಗುಲಾಮ’ ಎಂದು ಬರೆದುಕೊಂಡು ವೇದಿಕೆ ಏರಿದ್ದ ಪ್ರಿನ್ಸ್‌ಗೆ ಡಿಫ್ರಾಂಕೊ ಬಗ್ಗೆ ಗೌರವವಿತ್ತು. ಅದೇ ವರ್ಷ ಅವರ ಆಲ್ಬಮ್‌ನ ಒಂದು ಹಾಡಿಗೆ ಈಕೆ ಗಿಟಾರ್ ನುಡಿಸಿದರು. ವರ್ಷಕ್ಕೆ ಮೂರು ಆಲ್ಬಮ್ ಎಂಬ ವೇಗ ಎಲ್ಲಕ್ಕೂ ಒಳ್ಳೆಯದಾಗಲಿಲ್ಲ ಎಂಬುದನ್ನೂ ಹೇಳಬೇಕು. ಆ ಕಾಲದ ಕೆಲವು ಹಾಡುಗಳು ಅರ್ಧ ಬೆಂದಂತಿವೆ; ಇನ್ನೊಬ್ಬರ ಕಿವಿ ನಡುವೆ ಇದ್ದಿದ್ದರೆ ಅವು ಗಟ್ಟಿಗೊಳ್ಳುತ್ತಿದ್ದವು.

ಯೂಟಾ ಫಿಲಿಪ್ಸ್

ಡಿಫ್ರಾಂಕೊ ಮಾಡಿದ ಕೆಲಸಗಳಲ್ಲಿ ಹೆಚ್ಚು ಪ್ರೀತಿಗೆ ಅರ್ಹವಾದದ್ದೂ ಕಡಿಮೆ ಚರ್ಚೆಯಾದದ್ದೂ ಯೂಟಾ ಫಿಲಿಪ್ಸ್ ಜೊತೆಗಿನ ಎರಡು ಆಲ್ಬಮ್‌ಗಳು. ಯೂಟಾ ಫಿಲಿಪ್ಸ್ (1935–2008) ಕೊರಿಯಾದಲ್ಲಿ ಸೈನಿಕನಾಗಿದ್ದು ಮರಳಿ ಬಂದು, ಸರಕು ರೈಲುಗಳನ್ನು ಹತ್ತಿ ಅಲೆದು, ಶಾಂತಿವಾದಿಯೂ ಕಾರ್ಮಿಕ ಸಂಘಟಕನೂ ಆದ ಹಾಡುಗಾರ. ವೇದಿಕೆಯಲ್ಲಿ ಅವರು ಹಾಡಿದಷ್ಟೇ ಕಥೆ ಹೇಳುತ್ತಿದ್ದರು. ಡಿಫ್ರಾಂಕೊ ಅವರ ಕಾರ್ಯಕ್ರಮಗಳ ಗಂಟೆಗಟ್ಟಲೆಯ ಹಳೆಯ ಟೇಪುಗಳನ್ನು ತರಿಸಿ ಕೇಳಿ, ಕಥೆಗಳನ್ನು ಆಯ್ದು, ಅವುಗಳ ಕೆಳಗೆ ಗಿಟಾರು, ಬಾಸು, ಯಂತ್ರದ ತಾಳಗಳನ್ನು ಹೆಣೆದು 1996ರಲ್ಲಿ ‘ದ ಪಾಸ್ಟ್ ಡಿಡಂಟ್ ಗೋ ಎನಿವೇರ್’ ಎಂಬ ಆಲ್ಬಮ್ ಮಾಡಿದರು. ಮುದುಕನ ಮಾತಿನ ಲಯವನ್ನು ತಾಳ ಎಲ್ಲೂ ತುಳಿಯುವುದಿಲ್ಲ. ಅವರು ಉಸಿರೆಳೆದುಕೊಳ್ಳುವ ಕಡೆ ಸಂಗೀತ ಮುಂದೆ ಬರುತ್ತದೆ, ಕಥೆ ಬಿಗಿಯಾದ ಕಡೆ ಹಿಂದೆ ಸರಿಯುತ್ತದೆ. ಪಂಕ್ ಕೇಳುವ ಇಪ್ಪತ್ತರ ಹುಡುಗ ಹುಡುಗಿಯರು ಈ ಆಲ್ಬಮ್‌ನಿಂದಾಗಿ ಕಾರ್ಮಿಕ ಚಳವಳಿಯ ಹಳಬನೊಬ್ಬನನ್ನು ಹುಡುಕಿಕೊಂಡು ಹೋದರು. ಎರಡನೆಯದಾದ ‘ಫೆಲೋ ವರ್ಕರ್ಸ್’ ನ್ಯೂ ಆರ್ಲಿಯನ್ಸಿನ ಕಿಂಗ್ಸ್‌ವೇ ಸ್ಟುಡಿಯೋದಲ್ಲಿ ಪೂರ್ತಿ ತಂಡದೊಂದಿಗೆ ಮುದ್ರಣಗೊಂಡು ಗ್ರ್ಯಾಮಿಗೆ ನಾಮನಿರ್ದೇಶನ ಪಡೆಯಿತು. ಲಾಭದ ಲೆಕ್ಕ ಹಾಕುವ ಕಂಪನಿ ಇಂಥ ಆಲ್ಬಮ್‌ಗೆ ಕೈಹಾಕುತ್ತಿರಲಿಲ್ಲ. ಸ್ವಂತ ಲೇಬಲ್ ಇದ್ದದ್ದಕ್ಕೆ ಇದು ಸಾಧ್ಯವಾಯಿತು ಎಂದು ಧಾರಾಳವಾಗಿ ಹೇಳಬಹುದು.

ರಾಜಕೀಯದ ಹಾಡುಗಳು

ಮೊದಲ ಆಲ್ಬಮ್‌ನಲ್ಲೇ ‘ಲಾಸ್ಟ್ ವುಮನ್ ಸಾಂಗ್’ ಇದೆ. ಗರ್ಭಪಾತಕ್ಕೆಂದು ಆಸ್ಪತ್ರೆಗೆ ಹೋಗುವ ಹುಡುಗಿ ಬಾಗಿಲಲ್ಲಿ ನಿಂತ ಪ್ರತಿಭಟನಕಾರರ ನಡುವೆ ಹಾದುಹೋಗುವ ಹಾಡು. ಕವಯಿತ್ರಿ ಲೂಸಿಲ್ ಕ್ಲಿಫ್ಟನ್ ಅವರಿಗೆ ಅರ್ಪಿತ. ಘೋಷಣೆಯ ಸದ್ದಿಲ್ಲದೆ ಒಬ್ಬಳ ಅನುಭವವನ್ನಷ್ಟೇ ಹಿಡಿದು ನಡೆಯುವುದು ಅದರ ಶಕ್ತಿ. ಅವರ ರಾಜಕೀಯ ಗೀತೆಗಳಲ್ಲಿ ಗೆಲ್ಲುವುದು ಇಂಥವೇ. ‘ಟು ದ ಟೀತ್’ ಆಲ್ಬಮ್‌ನ ಅದೇ ಹೆಸರಿನ ಹಾಡು ಅಮೆರಿಕದ ಬಂದೂಕಿನ ಹುಚ್ಚಿನ ಬಗ್ಗೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬರೆದ ‘ಸೆಲ್ಫ್ ಎವಿಡೆಂಟ್’ ದೀರ್ಘ ಕವಿತೆ. ದೇಶವಿಡೀ ಯುದ್ಧೋತ್ಸಾಹದಲ್ಲಿದ್ದಾಗ ಸಭೆಗಳ ಮುಂದೆ ನಿಂತು ಅದನ್ನು ನುಡಿದರು. 2002ರ ನೇರ ಮುದ್ರಣದ ಆಲ್ಬಮ್‌ನಲ್ಲಿ ಅದಿದೆ. ದೊಡ್ಡ ರೇಡಿಯೋ ಜಾಲಗಳು ಎಚ್ಚರಿಕೆಯಿಂದ ಹಾಡು ಆಯುತ್ತಿದ್ದ ತಿಂಗಳುಗಳಲ್ಲಿ ಅವರನ್ನು ತಡೆಯುವ ಮೇಲಧಿಕಾರಿ ಯಾರೂ ಇರಲಿಲ್ಲ.

‘ವಿಚ್ ಸೈಡ್ ಆರ್ ಯು ಆನ್’ 1931ರಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯ ಗಣಿ ಕಾರ್ಮಿಕರ ಹೋರಾಟದ ನಡುವೆ ಫ್ಲಾರೆನ್ಸ್ ರೀಸ್ ಬರೆದ ಹಾಡು. ಅದನ್ನು ಜಗತ್ತಿಗೆ ಕೇಳಿಸಿದ ಪೀಟ್ ಸೀಗರ್ ಅವರ ಬ್ಯಾಂಜೋ ನುಡಿಯೊಂದಿಗೇ ಡಿಫ್ರಾಂಕೊ ತಮ್ಮ 2012ರ ಆಲ್ಬಮ್‌ಗೆ ಅದನ್ನು ಹೊಸ ಸಾಲುಗಳೊಂದಿಗೆ ಮತ್ತೆ ಹಾಡಿದರು. 2009ರಲ್ಲಿ ಜಾನಪದ ಹಾಡುಗಾರ ವುಡಿ ಗತ್ರಿ ಹೆಸರಿನ ಪ್ರಶಸ್ತಿ ಅವರಿಗೆ ಸಂದಿತ್ತು. 2021ರ ‘ರೆವಲ್ಯೂಷನರಿ ಲವ್’ ಆಲ್ಬಮ್‌ನ ಶೀರ್ಷಿಕೆ ಗೀತೆಗೆ ಪ್ರೇರಣೆ ವಲರೀ ಕೌರ್. ಕ್ಯಾಲಿಫೋರ್ನಿಯಾದ ಪಂಜಾಬಿ ಸಿಖ್ ರೈತ ಕುಟುಂಬದ ಈ ವಕೀಲೆ, ದ್ವೇಷಾಪರಾಧಗಳ ವಿರುದ್ಧದ ತಮ್ಮ ಹೋರಾಟದ ಅನುಭವವನ್ನು 2020ರಲ್ಲಿ ಪುಸ್ತಕವಾಗಿ ಬರೆದಿದ್ದರು.

ತಂಡ, ಒಂಟಿತನ, ಮತ್ತೆ ತಂಡ

2001ರ ‘ರೆವೆಲಿಂಗ್/ರೆಕನಿಂಗ್’ ಎರಡು ಡಿಸ್ಕಿನ ದೀರ್ಘ ಆಲ್ಬಮ್. ಒಂದರಲ್ಲಿ ತುತ್ತೂರಿ, ಸ್ಯಾಕ್ಸೊಫೋನುಗಳ ಫಂಕ್, ಇನ್ನೊಂದರಲ್ಲಿ ತಡರಾತ್ರಿಯ ಮೆಲುದನಿ. ‘ಇವಾಲ್ವ್’ (2003) ಹೊದಿಕೆಯ ವಿನ್ಯಾಸಕ್ಕೆ ಗ್ರ್ಯಾಮಿ ತಂದುಕೊಟ್ಟಿತು. ವಿನ್ಯಾಸಕ ಬ್ರಯನ್ ಗ್ರೂನರ್ಟ್ ಜೊತೆ ಹಂಚಿಕೊಂಡ ಪ್ರಶಸ್ತಿ. ಆ ದೊಡ್ಡ ತಂಡವನ್ನು ಕಳಿಸಿಕೊಟ್ಟು, ಎಂಟು ಹಾದಿಯ ಟೇಪ್ ಯಂತ್ರದ ಮುಂದೆ ಒಬ್ಬರೇ ಕೂತು ‘ಎಜುಕೇಟೆಡ್ ಗೆಸ್’ (2004) ಮಾಡಿದರು. ಹಾಡಿದ್ದು, ನುಡಿಸಿದ್ದು, ಮುದ್ರಿಸಿದ್ದು, ಹದಗೊಳಿಸಿದ್ದು ಎಲ್ಲ ಅವರೇ. ಮರುವರ್ಷದ ‘ನಕಲ್ ಡೌನ್’ನಲ್ಲಿ ನಿರ್ಮಾಣದ ಹೊಣೆಯನ್ನು ಜೋ ಹೆನ್ರಿ ಜೊತೆ ಹಂಚಿಕೊಂಡರು, ಅದರ ಫಲ ಒಳ್ಳೆಯದಾಯಿತು. ‘ರಿಪ್ರೀವ್’ (2006) ನ್ಯೂ ಆರ್ಲಿಯನ್ಸಿನಲ್ಲಿ ಮುದ್ರಣವಾಗುತ್ತಿದ್ದಾಗ ಕತ್ರೀನಾ ಚಂಡಮಾರುತ ಅಪ್ಪಳಿಸಿ ಕೆಲಸ ನಿಂತಿತು. ಉಳಿದದ್ದನ್ನು ಬಫಲೋದಲ್ಲಿ ಮುಗಿಸಿದರು. ಧ್ವನಿ ತಂತ್ರಜ್ಞ ಮೈಕ್ ನಪೋಲಿಟಾನೊ ಅವರ ಜೊತೆ ಸಂಸಾರ ಹೂಡಿ ನ್ಯೂ ಆರ್ಲಿಯನ್ಸಿನಲ್ಲೇ ನೆಲೆಸಿದರು, ಇಬ್ಬರು ಮಕ್ಕಳು. ಆಲ್ಬಮ್‌ಗಳ ನಡುವಿನ ಅಂತರ ಹೆಚ್ಚಿತು, ಹಾಡಿನಲ್ಲಿ ಮನೆ ಮಕ್ಕಳ ನೆಮ್ಮದಿ ಬಂತು. ಮೊದಲಿನ ಉರಿ ಬೇಕೆಂದು ಬಯಸಿದ ಕೇಳುಗರು ಈ ಹಂತದಲ್ಲಿ ದೂರವಾದದ್ದುಂಟು. ‘ರೆಡ್ ಲೆಟರ್ ಇಯರ್’ (2008) ಮತ್ತು ‘ಅಲರ್ಜಿಕ್ ಟು ವಾಟರ್’ (2014) ಎರಡಕ್ಕೂ ಇನ್ನಷ್ಟು ಕಿವಿ ಸಲ್ಲಬೇಕಿತ್ತು.

ಚರ್ಚು ಮತ್ತು ಇತರರ ಹಾಡು

ಬಫಲೋದ ಡೆಲವೇರ್ ಅವೆನ್ಯೂದಲ್ಲಿ 19ನೇ ಶತಮಾನದ ಮೆಥಡಿಸ್ಟ್ ಚರ್ಚೊಂದು ಪಾಳುಬಿದ್ದು, ಕೆಡವುವ ಮಾತು ಬಂದಾಗ ಡಿಫ್ರಾಂಕೊ ಮತ್ತು ಫಿಶರ್ ಅದನ್ನು ಕೊಂಡು ಉಳಿಸಿದರು. ವರ್ಷಗಳ ದುರಸ್ತಿಯ ನಂತರ 2006ರ ಸುಮಾರಿಗೆ ಅದು ‘ಬೇಬ್‌ವಿಲ್’ ಎಂಬ ಕಲಾಕೇಂದ್ರವಾಗಿ ತೆರೆಯಿತು: ಮೇಲೆ ಸಂಗೀತದ ಆಸ್ಬರಿ ಹಾಲ್, ಹಾಲ್‌ವಾಲ್ಸ್ ಎಂಬ ಸಮಕಾಲೀನ ಕಲಾ ಸಂಸ್ಥೆಗೆ ಜಾಗ, ಲೇಬಲ್‌ನ ಕಚೇರಿ. ಕಟ್ಟಡವನ್ನು ಬೆಚ್ಚಗಿಡಲು ಭೂಮಿಯೊಳಗಿನ ಶಾಖ ಬಳಸುವ ವ್ಯವಸ್ಥೆ ಮಾಡಿದ್ದಾರೆ.

ಲೇಬಲ್ ಬೇರೆಯವರ ಆಲ್ಬಮ್‌ಗಳನ್ನೂ ಹೊರತಂದಿತು: ಆರ್ಟೊ ಲಿಂಡ್ಸೆ, ಹ್ಯಾಮೆಲ್ ಆನ್ ಟ್ರಯಲ್, ತೋಶಿ ರೀಗನ್, ಆಂಡ್ರೂ ಬರ್ಡ್. ಇವುಗಳಲ್ಲಿ ಹೆಚ್ಚು ದೂರ ಹೋದದ್ದು ಅನಾಯಿಸ್ ಮಿಚೆಲ್ ಅವರ ‘ಹೇಡ್ಸ್‌ಟೌನ್’ (2010). ಗ್ರೀಕ್ ಪುರಾಣದ ಆರ್ಫಿಯಸ್ ಮತ್ತು ಯುರಿಡಿಸಿಯ ಕಥೆಯನ್ನು ಬಡತನದ ಅಮೆರಿಕಕ್ಕೆ ತಂದ ಹಾಡುಗಳ ಸರಣಿ. ಡಿಫ್ರಾಂಕೊ ತಂಡದ ಬಾಸ್ ವಾದಕ ಟಾಡ್ ಸಿಕಫೂಸ್ ನಿರ್ಮಿಸಿದ ಆ ಆಲ್ಬಮ್‌ನಲ್ಲಿ ಪಾತಾಳದ ರಾಣಿ ಪರ್ಸಿಫೊನಿಯ ಹಾಡುಗಳನ್ನು ಡಿಫ್ರಾಂಕೊ ಹಾಡಿದರು. ಅದು ನಾಟಕವಾಗಿ ಬೆಳೆದು 2019ರಲ್ಲಿ ಬ್ರಾಡ್ವೇ ತಲುಪಿ, ಅತ್ಯುತ್ತಮ ಸಂಗೀತ ನಾಟಕವೂ ಸೇರಿ ಎಂಟು ಟೋನಿ ಪ್ರಶಸ್ತಿ ಗೆದ್ದಿತು. 2024ರ ಫೆಬ್ರವರಿಯಲ್ಲಿ, 53ನೇ ವಯಸ್ಸಿನಲ್ಲಿ, ಡಿಫ್ರಾಂಕೊ ಅದೇ ಪಾತ್ರದಲ್ಲಿ ಮೊದಲ ಬಾರಿಗೆ ಬ್ರಾಡ್ವೇ ರಂಗ ಏರಿದರು.

2013ರ ಕೊನೆಯ ಪ್ರಕರಣವನ್ನು ಬಿಟ್ಟು ಈ ಚಿತ್ರ ಪೂರ್ತಿಯಾಗದು. ಡಿಫ್ರಾಂಕೊ ನಡೆಸಬೇಕಿದ್ದ ಗೀತರಚನೆಯ ಶಿಬಿರವೊಂದನ್ನು ಲೂಯಿಸಿಯಾನಾದ ನಾಟೊವೇ ಎಂಬ ಹಳೆಯ ತೋಟದ ಬಂಗಲೆಯಲ್ಲಿ ಏರ್ಪಡಿಸಲಾಗಿತ್ತು. ಅದು ಗುಲಾಮರ ದುಡಿಮೆಯಿಂದ ಎದ್ದ ಮನೆ. ಕರಿಯ ಮಹಿಳೆಯರಿಂದ ಮೊದಲುಗೊಂಡು ತೀವ್ರ ಪ್ರತಿಭಟನೆ ಬಂದಾಗ ಶಿಬಿರ ರದ್ದಾಯಿತು. ರದ್ದುಪಡಿಸುತ್ತ ಅವರು ಬರೆದದ್ದು ಸಮರ್ಥನೆಯಂತಿದ್ದು ಸಿಟ್ಟನ್ನು ಹೆಚ್ಚಿಸಿತು. 2014ರ ಜನವರಿ 2ರಂದು ನೇರವಾಗಿ ಕ್ಷಮೆ ಕೇಳಿದರು. ‘ಫ್ಯುಯೆಲ್’ ಬರೆದವರಿಂದ ಇದು ಆಯಿತೆಂಬುದೇ ಅನೇಕರನ್ನು ಹೆಚ್ಚು ನೋಯಿಸಿತು.

ಈಚಿನ ಕೆಲಸ

2019ರಲ್ಲಿ ಆತ್ಮಕಥೆ ‘ನೋ ವಾಲ್ಸ್ ಅಂಡ್ ದ ರಿಕರಿಂಗ್ ಡ್ರೀಮ್’ ಪ್ರಕಟವಾಯಿತು. 2020ರಲ್ಲಿ ಸೆರೆಮನೆಯಲ್ಲಿರುವವರು ಬರೆದ ಹಾಡುಗಳ ‘ಪ್ರಿಸನ್ ಮ್ಯೂಸಿಕ್ ಪ್ರಾಜೆಕ್ಟ್’ ಆಲ್ಬಮ್ ನಿರ್ಮಾಣದಲ್ಲಿ ಕೈಜೋಡಿಸಿದರು. 2024ರ ‘ಅನ್‌ಪ್ರೆಸಿಡೆಂಟೆಡ್ ಶಿಟ್’ ಆಲ್ಬಮ್‌ನಲ್ಲಿ ಬಿ.ಜೆ. ಬರ್ಟನ್ ಎಂಬ ಹೊರಗಿನ ನಿರ್ಮಾಪಕರಿಗೆ ನಾದದ ಕೆಲಸ ಒಪ್ಪಿಸಿದ್ದಾರೆ. ಕಂಠವೂ ಗಿಟಾರೂ ಎಲೆಕ್ಟ್ರಾನಿಕ್ ಸಂಸ್ಕಾರದಲ್ಲಿ ಒಡೆದು, ಗುರುತು ಸಿಗದಂತೆ ತಿರುಚಿಕೊಂಡು ಬರುತ್ತವೆ. ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ತೆಗೆದುಹಾಕಿದ ಹಿನ್ನೆಲೆಯ ‘ಬೇಬಿ ರೋ’ ಇದರ ಮುಖ್ಯ ಹಾಡುಗಳಲ್ಲಿ ಒಂದು. 2024ರಲ್ಲೇ ಅವರ ಬಗ್ಗೆ ಡಾನಾ ಫ್ಲೋರ್ ನಿರ್ದೇಶನದ ಸಾಕ್ಷ್ಯಚಿತ್ರ ಬಿಡುಗಡೆಯಾಯಿತು. ಲೇಬಲ್‌ನ ಹಳೆಯ ದೂರವಾಣಿ ಸಂಖ್ಯೆಯೇ ಅದರ ಹೆಸರು.

ಇವರನ್ನು ಮೊದಲ ಬಾರಿಗೆ ಕೇಳುವವರು ‘ಲಿವಿಂಗ್ ಇನ್ ಕ್ಲಿಪ್’ನಿಂದ ಶುರುಮಾಡುವುದು ಒಳ್ಳೆಯದು, ವೇದಿಕೆಯೇ ಇವರ ನಿಜವಾದ ಮನೆ. ಅಲ್ಲಿಂದ ‘ಡೈಲೇಟ್’, ಆಮೇಲೆ ಯೂಟಾ ಫಿಲಿಪ್ಸ್ ಜೊತೆಗಿನ ಎರಡು ಆಲ್ಬಮ್, ಕೊನೆಗೆ ‘ಎಜುಕೇಟೆಡ್ ಗೆಸ್’ ಮತ್ತು ‘ನಕಲ್ ಡೌನ್’. ಈ ಕೊನೆಯ ಎರಡನ್ನು ಜೊತೆಯಲ್ಲೇ ಕೇಳಬೇಕು: ಒಂದನ್ನು ಪೂರ್ತಿ ಒಬ್ಬರೇ ಮಾಡಿದ್ದು, ಇನ್ನೊಂದನ್ನು ಇನ್ನೊಬ್ಬರ ಮಾತು ಕೇಳಿ ಮಾಡಿದ್ದು. ಎರಡರ ನಡುವೆ ಒಂದು ವರ್ಷದ ಅಂತರ.